ನಂದಿಯ ತಪ್ಪಲಿನ ದ್ರಾಕ್ಷಾರಸದ ತೋಟಗಳು: ನಮ್ಮ ನಾಲ್ಕು ತಾಲ್ಲೂಕಿನ ರೈತರು ನೋಡಿ ಬರಬೇಕಾದದ್ದೇನು?

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಬೇಸಾಯಗಾರನಿಗೆ ಇದು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಹೊಸ ಬೆಳೆಯೊಂದನ್ನು ತನ್ನ ಹೊಲಕ್ಕೆ ತರುವ ಮೊದಲು ಅದು ಬೇರೂರಿರುವ ಸೀಮೆಯನ್ನು ಕಣ್ಣಾರೆ ಕಂಡು ಬರುವುದು ಒಳ್ಳೆಯದು. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ರೈತರು ಇತ್ತೀಚೆಗೆ ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ನಂದಿ ಬೆಟ್ಟದ ಕಡೆ ವೈನ್ ದ್ರಾಕ್ಷಿ ಬೆಳೆಯುತ್ತಾರಲ್ಲ, ನಮ್ಮಲ್ಲಿ ಏಕಾಗಬಾರದು?" ಈ ಪ್ರಶ್ನೆ ಕೇಳುವವರಲ್ಲಿ ಹಲವರು ಹಿಪ್ಪುನೇರಳೆ ತೋಟವನ್ನು ಕಿತ್ತು ಹಾಕುವ, ಇಲ್ಲವೆ ಹಳೆಯ ಮಾವಿನ ತೋಪನ್ನು ಕಡಿಯುವ ಆಲೋಚನೆಯಲ್ಲಿದ್ದಾರೆ. ಆದ್ದರಿಂದ ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಸರಿಯಲ್ಲ.

ಈ ಎರಡು ಸೀಮೆಗಳ ನಡುವೆ ಪ್ರಕೃತಿಯೇ ಕಟ್ಟಿದ ನಂಟೊಂದಿದೆ. ಅರ್ಕಾವತಿ ನದಿ ಹುಟ್ಟುವುದು ನಂದಿಬೆಟ್ಟದಲ್ಲಿ. ದೊಡ್ಡಬಳ್ಳಾಪುರ, ಹೆಸರಘಟ್ಟಗಳನ್ನು ಹಾದು, ತಿಪ್ಪಗೊಂಡನಹಳ್ಳಿ ಮತ್ತು ಮಂಚನಬೆಲೆ ಜಲಾಶಯಗಳನ್ನು ದಾಟಿ, ರಾಮನಗರ, ಕನಕಪುರಗಳ ಮೂಲಕ ಹರಿದು ಸಂಗಮದಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಹೀಗೆ ನದಿಯ ತಲೆಯ ಕಡೆ ಬೆಳೆಯುವ ಬೆಳೆ ನಡುವಿನಲ್ಲಿಯೂ ಬುಡದಲ್ಲಿಯೂ ಬೆಳೆದೀತೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ. ಮದ್ಯಪಾನಕ್ಕೆ ಪ್ರೋತ್ಸಾಹ ಕೊಡುವುದು ಇದರ ಉದ್ದೇಶವಲ್ಲ. ರೈತನ ಹಣ ಮತ್ತು ನೀರು ಪೋಲಾಗಬಾರದೆಂಬುದೇ ನಮ್ಮ ಕಾಳಜಿ.

ತಂಪು ಸೀಮೆ ಎಂದರೇನು?

ದ್ರಾಕ್ಷಾರಸಕ್ಕೆ ಹೆಸರಾದ ಹಲವು ಪ್ರದೇಶಗಳು ಬೆಟ್ಟಗಳ ಇಳಿಜಾರಿನಲ್ಲಿವೆ. ಬಳ್ಳಿ ಬೆಳೆಯುವ ತಿಂಗಳುಗಳ ಸರಾಸರಿ ಉಷ್ಣತೆ 13ರಿಂದ 15 ಡಿಗ್ರಿ ಸೆಲ್ಸಿಯಸ್ ಇರುವ ಪ್ರದೇಶಗಳನ್ನು ತಜ್ಞರು ತಂಪು ಸೀಮೆ ಎಂದು ಕರೆಯುತ್ತಾರೆ. ಫ್ರಾನ್ಸಿನ ಶಾಂಪೇನ್, ಜರ್ಮನಿಯ ಮೋಸೆಲ್ ಕಣಿವೆ ಈ ಗುಂಪಿಗೆ ಪ್ರಸಿದ್ಧ ಉದಾಹರಣೆಗಳು. ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದಲ್ಲಿ ಲಾವೋ ಎಂಬ ಪ್ರದೇಶವಿದೆ. ಅಲ್ಲಿಯ ಕಡಿದಾದ ಇಳಿಜಾರಿನಲ್ಲಿ ಶತಮಾನಗಳ ಹಿಂದೆಯೇ ಕಲ್ಲಿನ ಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ನೆಟ್ಟಿದ್ದಾರೆ. 2007ರಲ್ಲಿ ಯುನೆಸ್ಕೋ ಸಂಸ್ಥೆ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಅಲ್ಲಿಯವರು ತಮ್ಮ ತೋಟಕ್ಕೆ ಮೂರು ಸೂರ್ಯರು ಎನ್ನುತ್ತಾರೆ: ಆಕಾಶದ ಸೂರ್ಯ, ಸರೋವರದ ನೀರಿನಿಂದ ಪ್ರತಿಫಲಿಸುವ ಬಿಸಿಲು, ಹಗಲೆಲ್ಲ ಕಾದ ಕಲ್ಲುಗೋಡೆಯಿಂದ ರಾತ್ರಿ ಹೊಮ್ಮುವ ಶಾಖ.

ನಮ್ಮ ರೈತರು ಗಮನಿಸಬೇಕಾದ ವ್ಯತ್ಯಾಸ ಇಲ್ಲಿಯೇ ಇದೆ. ತಂಪು ಸೀಮೆಯ ರೈತ ಶಾಖವನ್ನು ಕೂಡಿ ಹಾಕಲು ಹೆಣಗುತ್ತಾನೆ. ನಾವು ಶಾಖವನ್ನು ತಪ್ಪಿಸಿಕೊಳ್ಳಲು ಹೆಣಗಬೇಕು. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆಯುದುರಿಸಿ ನಿದ್ರಿಸುತ್ತದೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಮ್ಮಲ್ಲಿ ಬಳ್ಳಿಗೆ ಅಂಥ ನಿದ್ರೆಯೇ ಇಲ್ಲ. ಹಾಗಾದರೆ ನಂದಿಯ ತಪ್ಪಲನ್ನು ತಂಪು ಸೀಮೆ ಎನ್ನುವುದೇಕೆ? ಲೋಕದ ಅಳತೆಯಲ್ಲಿ ಅದು ತಂಪು ಸೀಮೆಯಲ್ಲ. ನಮ್ಮ ದಕ್ಷಿಣ ಬಯಲಿನ ಮಟ್ಟಕ್ಕೆ ಮಾತ್ರ ತಂಪಾಗಿದೆ. ಆ ಅಲ್ಪ ತಂಪನ್ನು ಅಲ್ಲಿಯ ಬೆಳೆಗಾರರು ಹೇಗೆ ಬಳಸಿಕೊಂಡಿದ್ದಾರೆ ಎಂಬುದೇ ನಾವು ಕಲಿಯಬೇಕಾದ ಪಾಠ.

ತಂಪಿನಿಂದ ಆಗುವ ಪ್ರಯೋಜನವನ್ನೂ ತಿಳಿದಿರಬೇಕು. ದ್ರಾಕ್ಷಿ ಮಾಗುವಾಗ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಬಿಸಿ ಹೆಚ್ಚಾದಷ್ಟೂ ಹಣ್ಣಿನೊಳಗಿನ ಮ್ಯಾಲಿಕ್ ಆಮ್ಲ ಬೇಗ ಕರಗಿ ಹೋಗುತ್ತದೆ. ರಾತ್ರಿ ತಂಪಾಗಿದ್ದರೆ ಹುಳಿ ಉಳಿಯುತ್ತದೆ. ಕಪ್ಪು ತಳಿಗಳಲ್ಲಿ ಸಿಪ್ಪೆಗೆ ಬಣ್ಣವೂ ಚೆನ್ನಾಗಿ ಏರುತ್ತದೆ. ಹುಳಿಯಿಲ್ಲದ ಹಣ್ಣಿನಿಂದ ಮಾಡಿದ ದ್ರಾಕ್ಷಾರಸ ಸಪ್ಪೆಯಾಗುತ್ತದೆ ಮತ್ತು ಬೇಗ ಕೆಡುತ್ತದೆ.

ಎತ್ತರದ ಲೆಕ್ಕ

ಸಮುದ್ರ ಮಟ್ಟದಿಂದ ಪ್ರತಿ 100 ಮೀಟರ್ ಮೇಲೇರಿದಾಗ ಉಷ್ಣತೆ ಸುಮಾರು 0.65 ಡಿಗ್ರಿಯಷ್ಟು ಇಳಿಯುತ್ತದೆ. ನಂದಿಬೆಟ್ಟದ ನೆತ್ತಿ 1478 ಮೀಟರ್ ಎತ್ತರದಲ್ಲಿದ್ದರೂ ದ್ರಾಕ್ಷಿ ತೋಟಗಳಿರುವುದು ನೆತ್ತಿಯ ಮೇಲಲ್ಲ, ಸುಮಾರು 900 ಮೀಟರ್ ಎತ್ತರದ ತಪ್ಪಲಿನಲ್ಲಿ. ಇದಕ್ಕೆ ನಮ್ಮ ಊರುಗಳನ್ನು ಹೋಲಿಸಿ ನೋಡೋಣ. ಮಾಗಡಿ ಸುಮಾರು 920 ಮೀಟರ್, ರಾಮನಗರ ಸುಮಾರು 750, ಚನ್ನಪಟ್ಟಣ ಸುಮಾರು 740, ಕನಕಪುರ ಸುಮಾರು 640 ಮೀಟರ್ ಎತ್ತರದಲ್ಲಿವೆ.

ಇದರಿಂದ ತಿಳಿಯುವುದೇನೆಂದರೆ, ಮಾಗಡಿಯ ಮೇಲ್ಭಾಗದ ಹೊಲಗಳು ಎತ್ತರದಲ್ಲಿ ನಂದಿಯ ತಪ್ಪಲಿಗೆ ಸಮನಾಗಿವೆ. ರಾಮನಗರ ಮತ್ತು ಚನ್ನಪಟ್ಟಣ ಸುಮಾರು 1 ಡಿಗ್ರಿ, ಕನಕಪುರ ಒಂದೂವರೆ ಡಿಗ್ರಿಗೂ ಹೆಚ್ಚು ಬಿಸಿ ಎಂದು ಲೆಕ್ಕ ಹಾಕಬಹುದು. ಒಂದು ಡಿಗ್ರಿ ಎಂದರೆ ರಾಗಿಗೆ ಏನೂ ಅಲ್ಲ. ಆದರೆ ಹುಳಿ ಮತ್ತು ಬಣ್ಣದ ಮೇಲೆ ಬೆಲೆ ನಿಂತಿರುವ ಬೆಳೆಗೆ ಅದು ದೊಡ್ಡ ಮಾತು. ನಾಲ್ಕು ತಾಲ್ಲೂಕುಗಳಿಗೂ ಒಂದೇ ಶಿಫಾರಸು ಕೊಡಲಾಗದು ಎನ್ನುವುದಕ್ಕೆ ಇದೇ ಕಾರಣ.

ಮಣ್ಣಿನ ವಿಷಯದಲ್ಲಿ ನಾವು ಹಿಂದೆ ಬಿದ್ದಿಲ್ಲ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಇಲ್ಲಿಯ ಬೆಟ್ಟಗಳ ಶಿಲೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಈ ಕಲ್ಲು ಸವೆದು ಆದ ಕೆಂಪು ಮರಳುಗೋಡು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ದ್ರಾಕ್ಷಿಯ ಬೇರಿಗೆ ಬೇಕಾದದ್ದು ಇದೇ. ಆದರೆ ಕೆರೆಯ ಹಿಂದಿನ ಜೌಗು ಭೂಮಿ ಮತ್ತು ಎರೆ ಮಿಶ್ರಿತ ತಗ್ಗು ಗದ್ದೆಗಳು ಸಲ್ಲವು.

ತಪ್ಪಲಿನಲ್ಲಿ ದ್ರಾಕ್ಷಿ ಬೆಳೆದು ಬಂದ ಬಗೆ

ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಪ್ರದೇಶಗಳಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಯ ಬೇಸಾಯ ಬಹಳ ಹಳೆಯದು. ದಪ್ಪ ಸಿಪ್ಪೆ, ಬೀಜ, ಗಾಢ ಬಣ್ಣ ಮತ್ತು ತನ್ನದೇ ಆದ ಗಂಧವಿರುವ ಈ ತಳಿ ಅಮೆರಿಕ ಮೂಲದ ದ್ರಾಕ್ಷಿಯ ವಂಶಕ್ಕೆ ಸೇರಿದ್ದು. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತು ದೊರೆಯಿತು. ಇದು ಚಪ್ಪರದ ಮೇಲೆ ಹಬ್ಬುತ್ತದೆ, ರೋಗಗಳನ್ನು ತಕ್ಕಮಟ್ಟಿಗೆ ತಡೆಯುತ್ತದೆ, ವರ್ಷಕ್ಕೆ ಎರಡು ಫಸಲು ಕೊಡಬಲ್ಲದು. ತಿನ್ನಲು, ಹಣ್ಣಿನ ರಸ ಮತ್ತು ಜಾಮ್‌ಗೆ, ಸಿಹಿ ದ್ರಾಕ್ಷಾರಸಕ್ಕೆ ಬಳಕೆಯಾಗುತ್ತದೆ.

ಯುರೋಪಿನ ವೈನ್ ತಳಿಗಳು ಈ ತಪ್ಪಲಿಗೆ ಬಂದದ್ದು ಇತ್ತೀಚೆಗೆ. ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಪ್ರದೇಶದ ತಜ್ಞ ಜಾರ್ಜ್ ವೆಸೆಲ್ ಅವರ ಸಲಹೆಯೊಡನೆ ಫ್ರೆಂಚ್ ತಳಿಗಳನ್ನು ಪರೀಕ್ಷಿಸಿ, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ತೋಟ ಸ್ಥಾಪಿಸಿದರು. ಅಲ್ಲಿಂದ ಮೊದಲ ದ್ರಾಕ್ಷಾರಸ ಹೊರಬಂದದ್ದು 1992ರಲ್ಲಿ. ಹಣಬಲವಿದ್ದ ಉದ್ಯಮಿಗೂ ತಾಳ್ಮೆಯಿಂದ ಕಾಯಬೇಕಾಯಿತು ಎಂಬುದನ್ನು ಸಣ್ಣ ಹಿಡುವಳಿಯ ರೈತರು ನೆನಪಿನಲ್ಲಿಡಬೇಕು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿಯನ್ನು ಪ್ರಕಟಿಸಿತು. ಬೆಳೆಗೆ ಹೊಂದುವ ಪ್ರದೇಶಗಳೆಂದು ನಂದಿ, ಕೃಷ್ಣಾ ಮತ್ತು ಕಾವೇರಿ ಕಣಿವೆಗಳನ್ನು ಗುರುತಿಸಲಾಯಿತು. ದ್ರಾಕ್ಷಾರಸ ಮಂಡಳಿಯೂ ರಚನೆಯಾಯಿತು. ಆ ಬಳಿಕ ಚನ್ನಪಟ್ಟಣದ ಸಮೀಪವೇ ಮೈಸೂರು ರಸ್ತೆಯಲ್ಲಿ ವೈನರಿಯೊಂದು ಸ್ಥಾಪನೆಯಾಯಿತು.

ತೋಟದಲ್ಲಿ ಏನನ್ನು ನೋಡಬೇಕು?

ನಂದಿಯ ತಪ್ಪಲಿಗೆ ಹೋಗಲು ಎರಡು ಸಮಯ ಪ್ರಶಸ್ತ: ಬಳ್ಳಿ ಸವರುವ ಅಕ್ಟೋಬರ್ ಮತ್ತು ಹಣ್ಣು ಕೊಯ್ಯುವ ಫೆಬ್ರುವರಿ, ಮಾರ್ಚ್. ಈಚೆಗೆ ಫೆಬ್ರುವರಿಯಲ್ಲಿ ನಮ್ಮೊಂದಿಗೆ ಬಂದ ರೈತರಿಗೆ ಮೊದಲು ಕಣ್ಣಿಗೆ ಬಿದ್ದದ್ದು ಚಪ್ಪರ ಇಲ್ಲದಿರುವುದು. ವೈನ್ ತಳಿಗಳನ್ನು ಕಂಬ ಮತ್ತು ತಂತಿಯ ಸಾಲುಗಳಲ್ಲಿ ಬೇಲಿಯಂತೆ ನೇರವಾಗಿ ಬೆಳೆಸುತ್ತಾರೆ. ಗೊಂಚಲುಗಳು ಸೊಂಟದ ಮಟ್ಟದಲ್ಲಿ ಒಂದೇ ಸಾಲಿನಲ್ಲಿ ತೂಗುತ್ತವೆ. ಗಾಳಿ ಬೆಳಕು ಸಮನಾಗಿ ಸಿಗುತ್ತದೆ. ಸಾಲಿನಿಂದ ಸಾಲಿಗೆ 8 ಅಡಿ, ಬಳ್ಳಿಯಿಂದ ಬಳ್ಳಿಗೆ 4 ಅಡಿ ಅಂತರವಿಟ್ಟರೆ ಎಕರೆಗೆ ಸುಮಾರು 1360 ಬಳ್ಳಿಗಳಾಗುತ್ತವೆ. ಅಷ್ಟು ಕಸಿ ಸಸಿ, ಕಂಬ, ತಂತಿ ಮತ್ತು ಹನಿ ನೀರಾವರಿ ಕೊಳವೆಗಳ ಖರ್ಚು ಮೊದಲ ವರ್ಷವೇ ಬರುತ್ತದೆ, ಆದಾಯ ಮಾತ್ರ ಆ ವರ್ಷ ಬರುವುದಿಲ್ಲ.

ಎರಡನೆಯದಾಗಿ ಚಾಟನಿಯ ಕ್ರಮವನ್ನು ಕೇಳಿ ತಿಳಿಯಬೇಕು. ಬಳ್ಳಿಗೆ ಚಳಿಗಾಲದ ನಿದ್ರೆ ಇಲ್ಲದ್ದರಿಂದ ಅದರ ಪಂಚಾಂಗವನ್ನು ಕತ್ತರಿಯೇ ಬರೆಯುತ್ತದೆ. ಬೇಸಿಗೆಯ ಏಪ್ರಿಲ್ ಚಾಟನಿ ಮುಂದೆ ಹಣ್ಣು ಬಿಡುವ ಕಡ್ಡಿಯನ್ನು ಸಿದ್ಧಪಡಿಸುತ್ತದೆ. ಮಳೆಗಾಲ ಮುಗಿಯುತ್ತ ಬರುವ ಅಕ್ಟೋಬರ್ ಚಾಟನಿ ಹೂ ಹಣ್ಣಿಗಾಗಿ. ಅಲ್ಲಿಂದ ಸುಮಾರು ನಾಲ್ಕರಿಂದ ಐದು ತಿಂಗಳಿಗೆ ಕೊಯ್ಲು. ಹೀಗೆ ಮಾಡಿದಾಗ ಕಾಯಿ ಬೆಳೆಯುವ ಕಾಲ ಡಿಸೆಂಬರ್, ಜನವರಿಗೆ ಸರಿಯಾಗಿ ಬೀಳುತ್ತದೆ. ಬೆಂಗಳೂರಿನಲ್ಲಿ ಜನವರಿಯ ರಾತ್ರಿಯ ಸರಾಸರಿ ಉಷ್ಣತೆ 16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಏಪ್ರಿಲ್ ಹಗಲಿನಲ್ಲಿ ಅದು 34 ಡಿಗ್ರಿಗೆ ಏರುತ್ತದೆ. ಬೇರೆ ದೇಶದವರು ಬೆಟ್ಟವನ್ನು ಹತ್ತಿ ಪಡೆಯುವ ತಂಪನ್ನು ನಮ್ಮ ತಪ್ಪಲಿನವರು ಮುಖ್ಯವಾಗಿ ತಿಂಗಳನ್ನು ಆರಿಸಿ ಪಡೆಯುತ್ತಾರೆ. ಈ ಉಪಾಯ ರಾಮನಗರದಲ್ಲಿಯೂ ಸಾಧ್ಯ. ಆದರೆ ಬಿಸಿ ಹೆಚ್ಚಿರುವಲ್ಲಿ ಕೊಯ್ಲನ್ನು ಮಾರ್ಚ್ ಮಧ್ಯದ ಆಚೆಗೆ ಎಳೆಯದಂತೆ ಚಾಟನಿಯ ದಿನವನ್ನು ಗೊತ್ತುಪಡಿಸಬೇಕು.

ಚಾಟನಿಯ ನಂತರ ಕಣ್ಣುಗಳು ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ದ್ರಾವಣವನ್ನು ಲೇಪಿಸುವ ರೂಢಿ ಇದೆ. ಇದು ವಿಷವಸ್ತು. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬಾರದು. ಇದನ್ನು ಬಳಸುವ ದಿನಗಳಲ್ಲಿಯೂ ಅದರ ಹಿಂದಿನ ಮುಂದಿನ ದಿನಗಳಲ್ಲಿಯೂ ಮದ್ಯ ಸೇವಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಕೂಲಿಯಾಳುಗಳಿಗೆ ಈ ಮಾತನ್ನು ತಪ್ಪದೆ ತಿಳಿಸಬೇಕು.

ಮೂರನೆಯದಾಗಿ ಇಳುವರಿ. ಒಳ್ಳೆಯ ಕೆಂಪು ದ್ರಾಕ್ಷಾರಸಕ್ಕೆ ಎಕರೆಗೆ 3ರಿಂದ 4 ಟನ್ನಿಗಿಂತ ಹೆಚ್ಚು ಹಣ್ಣು ಬಿಡದಂತೆ ಗೊಂಚಲುಗಳನ್ನು ಕಡಿಮೆ ಮಾಡುತ್ತಾರೆ. ಚೆನ್ನಾಗಿ ಬಿಟ್ಟ ಎಳೆಯ ಗೊಂಚಲನ್ನು ಕತ್ತರಿಸಿ ನೆಲಕ್ಕೆ ಹಾಕುವುದನ್ನು ಕೇಳಿ ನಮ್ಮ ರೈತರೊಬ್ಬರು, "ಇದೇನು ಸ್ವಾಮಿ, ಉಣ್ಣುವ ತಟ್ಟೆಗೆ ಮಣ್ಣು ಹಾಕಿಕೊಂಡ ಹಾಗೆ!" ಎಂದರು. ಅವರ ಸಂಕಟ ಸಹಜವಾದದ್ದು. ಬಳ್ಳಿ ತಯಾರಿಸುವ ಸಕ್ಕರೆ ಮತ್ತು ಬಣ್ಣ ಇಷ್ಟೇ ಎಂದಿರುವಾಗ ಅದು ಹೆಚ್ಚು ಗೊಂಚಲುಗಳಿಗೆ ಹಂಚಿ ಹೋದರೆ ಪ್ರತಿಯೊಂದೂ ತೆಳುವಾಗುತ್ತದೆ. ಬೆಂಗಳೂರು ನೀಲಿಯ ಬೇಸಾಯ ತೂಕದ್ದಾದರೆ ವೈನ್ ದ್ರಾಕ್ಷಿಯ ಬೇಸಾಯ ಗುಣದ್ದು.

ವೈನರಿಯ ಒಳಗೆ

ವೈನರಿಯ ಬಾಗಿಲಲ್ಲಿ ಹಣ್ಣನ್ನು ತೂಗುವುದರ ಜೊತೆಗೆ ಪರೀಕ್ಷಿಸುತ್ತಾರೆ. ರಿಫ್ರಾಕ್ಟೋಮೀಟರ್ ಎಂಬ ಕೈಯಲ್ಲಿ ಹಿಡಿಯುವ ಸಾಧನದ ಗಾಜಿನ ಮೇಲೆ ಒಂದು ಹನಿ ರಸ ಹಾಕಿ ನೋಡಿದರೆ ಸಕ್ಕರೆಯ ಪ್ರಮಾಣ ಬ್ರಿಕ್ಸ್ ಅಳತೆಯಲ್ಲಿ ತಿಳಿಯುತ್ತದೆ. ದ್ರಾಕ್ಷಾರಸದ ಹಣ್ಣು ಸಾಮಾನ್ಯವಾಗಿ 22ರಿಂದ 24 ಬ್ರಿಕ್ಸ್ ಇರಬೇಕು. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡ 1ರಷ್ಟು ಮದ್ಯಸಾರ ಉಂಟಾಗುತ್ತದೆ. ಹೀಗೆ 220 ಗ್ರಾಂ ಸಕ್ಕರೆಯಿಂದ ಶೇಕಡ 13ರಷ್ಟು. ಹುದುಗುವಾಗ ಶಾಖ ಹುಟ್ಟುವುದರಿಂದ ಉಕ್ಕಿನ ತೊಟ್ಟಿಗಳನ್ನು ಹೊರಗಿನಿಂದ ತಂಪು ಮಾಡುತ್ತಾರೆ. ಕೊಯ್ಲನ್ನು ಬೆಳಗಿನ ತಂಪಿನಲ್ಲಿಯೇ ಮುಗಿಸಿ, ಹಣ್ಣು ಜಜ್ಜಿಹೋಗದಂತೆ ಸಣ್ಣ ಕ್ರೇಟುಗಳಲ್ಲಿ ತುಂಬಿ, ಬಿಸಿಲೇರುವ ಮೊದಲೇ ವೈನರಿಗೆ ಮುಟ್ಟಿಸಬೇಕು.

750 ಮಿಲಿಲೀಟರಿನ ಒಂದು ಸೀಸೆಗೆ ಸುಮಾರು ಒಂದು ಕಿಲೋಗ್ರಾಂಗಿಂತ ತುಸು ಹೆಚ್ಚು ಹಣ್ಣು ಬೇಕು. ಸೀಸೆಯ ಬೆಲೆಯನ್ನು ಅಂಗಡಿಯಲ್ಲಿ ಕಂಡ ರೈತರು ಅಷ್ಟೂ ತಮಗೆ ಸೇರಬೇಕಿತ್ತೆಂದು ಭಾವಿಸುವುದುಂಟು. ಆದರೆ ಯಂತ್ರ, ತಂಪು, ಪೀಪಾಯಿ, ಸೀಸೆ, ತೆರಿಗೆ, ಕಾಯುವ ಕಾಲ ಇವೆಲ್ಲವೂ ಆ ಬೆಲೆಯಲ್ಲಿ ಸೇರಿವೆ. ಅಬಕಾರಿ ಪರವಾನಗಿ ಇಲ್ಲದೆ ರೈತನು ತಾನೇ ದ್ರಾಕ್ಷಾರಸ ತಯಾರಿಸಿ ಮಾರುವಂತಿಲ್ಲ. ಆದ್ದರಿಂದ ಅವನ ಕೈಗೆ ಬರುವುದು ಹಣ್ಣಿನ ಬೆಲೆ ಮಾತ್ರ.

ಮಳೆ ಮತ್ತು ರೋಗ

ನಮ್ಮ ಭಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೇ ಹೆಚ್ಚು ಮಳೆ. ಚಾಟನಿಯ ನಂತರದ ಎಳೆ ಚಿಗುರಿಗೆ ಈ ಮಳೆ ತಾಗಿದರೆ ರೈತರು ಡೌನಿ ಎನ್ನುವ ಬೂಜು ತುಪ್ಪಟ ರೋಗ ಕೆಲವೇ ದಿನಗಳಲ್ಲಿ ತೋಟವನ್ನು ಆವರಿಸುತ್ತದೆ. ಇದನ್ನು ತಾಳಿಕೊಳ್ಳುವ ಶಕ್ತಿ ಯುರೋಪಿನ ತಳಿಗಳಿಗಿಲ್ಲ. ಒಣ ಹವೆಯಲ್ಲಿ ಬೂದಿ ರೋಗ ಬರುತ್ತದೆ.

ಡೌನಿಗೆ ಇಂದಿಗೂ ಉಪಯುಕ್ತವಾದ ಬೋರ್ಡೋ ದ್ರಾವಣ ಹುಟ್ಟಿದ್ದೂ ದ್ರಾಕ್ಷಿ ತೋಟದಲ್ಲಿಯೇ. ಫ್ರಾನ್ಸಿನ ಬೋರ್ಡೋ ಪ್ರದೇಶದ ಬೆಳೆಗಾರರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬಾರದಿದ್ದುದನ್ನು ವಿಜ್ಞಾನಿ ಮಿಲಾರ್ಡೆ ಗಮನಿಸಿ, 1885ರಲ್ಲಿ ಅದನ್ನು ಔಷಧಿಯಾಗಿ ಪ್ರಕಟಿಸಿದರು. ಶೇಕಡ 1ರ ದ್ರಾವಣಕ್ಕೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ, 100 ಲೀಟರ್ ನೀರು ಬೇಕು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ, ಮೈಲುತುತ್ತದ ದ್ರಾವಣವನ್ನು ಸುಣ್ಣದ ತಿಳಿಗೆ ಸುರಿಯುತ್ತ ಕಲಕಬೇಕು. ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ ನೋಡಿ. ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಸೇರಿಸಿ. ಎಳೆ ಚಿಗುರಿಗೆ ಇಷ್ಟು ಗಡುಸಾದ ದ್ರಾವಣ ಬೇಡ.

ರೇಷ್ಮೆ ಇರುವಲ್ಲಿ ಎಚ್ಚರ

ನಂದಿಯ ತಪ್ಪಲನ್ನು ನೋಡಿ ಬಂದ ನಮ್ಮ ರೈತರು ಊರಿಗೆ ಹಿಂದಿರುಗಿದ ಮೇಲೆ ಮೊದಲು ಯೋಚಿಸಬೇಕಾದದ್ದು ಇದು. ರಾಮನಗರದ ಗೂಡಿನ ಮಾರುಕಟ್ಟೆ ಹೆಸರಾದದ್ದೇ ನಮ್ಮ ಮನೆ ಮನೆಯ ಹುಳು ಸಾಕಣೆಯಿಂದ. ದ್ರಾಕ್ಷಿಗೆ ನುಸಿ, ಹಿಟ್ಟು ತಿಗಣೆ, ಜೀರುಂಡೆಗಳ ಹತೋಟಿಗೆ ಸಿಂಪಡಿಸುವ ಕೀಟನಾಶಕಗಳು ರೇಷ್ಮೆ ಹುಳುವಿಗೂ ವಿಷವೇ. ಅದರಲ್ಲಿಯೂ ಇಮಿಡಾಕ್ಲೋಪ್ರಿಡ್ ಜಾತಿಯ ಔಷಧಿಗಳು ಅತಿ ಸ್ವಲ್ಪ ಪ್ರಮಾಣದಲ್ಲಿಯೂ ಹುಳುವನ್ನು ಕೊಲ್ಲಬಲ್ಲವು. ಗಾಳಿಯಲ್ಲಿ ತೇಲಿ ಬಂದ ತುಂತುರು ಪಕ್ಕದವರ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕುಳಿತರೆ, ನಾಲ್ಕನೆಯ ಜ್ವರ ದಾಟಿ ಇನ್ನೇನು ಗೂಡು ಕಟ್ಟಬೇಕಾದ ಬೆಳೆಯೆಲ್ಲ ನಾಶವಾದೀತು. ಒಬ್ಬರ ಹೊಸ ಬೆಳೆ ಇನ್ನೊಬ್ಬರ ಅನ್ನವನ್ನು ಕಸಿಯಬಾರದು. ಆದ್ದರಿಂದ ಹಿಪ್ಪುನೇರಳೆ ತೋಟಗಳ ನಡುವೆ ದ್ರಾಕ್ಷಿ ನೆಡಬಾರದೆಂಬುದು ನಮ್ಮ ಖಚಿತ ಸಲಹೆ. ದೂರದ ಒಂಟಿ ಹೊಲವಿದ್ದರೆ ಮಾತ್ರ ಯೋಚಿಸಬಹುದು. ಅಲ್ಲಿಯೂ ಗಾಳಿಯ ದಿಕ್ಕು ನೋಡಿ, ನೆರೆಯವರಿಗೆ ಮುಂಚಿತವಾಗಿ ತಿಳಿಸಿ ಸಿಂಪಡಿಸಬೇಕು.

ನೀರು ಮತ್ತು ಮಾರಾಟ

ಒಂದು ಎಕರೆಗೆ 1 ಮಿಲಿಮೀಟರ್ ನೀರೆಂದರೆ 4000 ಲೀಟರಿಗಿಂತ ಹೆಚ್ಚು. ಬೇಸಿಗೆಯಲ್ಲಿ ದಿನಕ್ಕೆ 2 ಮಿಲಿಮೀಟರಿನಂತೆ ಕೊಡಬೇಕಾದರೆ 8000 ಲೀಟರ್ ಆಯಿತು. ನಿಮ್ಮ ಕೊಳವೆಬಾವಿ ಏಪ್ರಿಲ್ ತಿಂಗಳಲ್ಲಿ ಗಂಟೆಗೆ ಎಷ್ಟು ಲೀಟರ್ ಕೊಡುತ್ತದೆ ಎಂಬುದನ್ನು ಡ್ರಮ್ಮು ಮತ್ತು ಗಡಿಯಾರ ಇಟ್ಟುಕೊಂಡು ಅಳೆಯಿರಿ. ಮಳೆಗಾಲದ ಅಳತೆಯನ್ನು ನಂಬಬೇಡಿ. ಡಾಗ್‌ರಿಡ್ಜ್, 110 ಆರ್ ಮುಂತಾದ ಬೇರುಗಿಡಗಳ ಮೇಲೆ ಕಸಿ ಮಾಡಿದ ಬಳ್ಳಿ ನೀರಿನ ಕೊರತೆಯನ್ನು ಹೆಚ್ಚು ತಾಳುತ್ತದೆ. ಆದರೆ ಬತ್ತಿದ ಬಾವಿಗೆ ಯಾವ ಬೇರೂ ಪರಿಹಾರವಲ್ಲ.

ಮಾರಾಟದ ವಿಷಯ ಇನ್ನೂ ಸೂಕ್ಷ್ಮವಾದುದು. ವೈನ್ ದ್ರಾಕ್ಷಿಯ ಕಾಯಿ ಸಣ್ಣದು, ಬೀಜ ದೊಡ್ಡದು. ಸಂತೆಯಲ್ಲಿ ತಿನ್ನಲು ಕೊಳ್ಳುವವರಿಲ್ಲ. ವೈನರಿ ಬೇಡವೆಂದರೆ ಬೇರೆ ದಾರಿ ಇಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಲಾಕ್‌ಡೌನ್ ಜಾರಿಯಾದಾಗ ಚಿಕ್ಕಬಳ್ಳಾಪುರ ಸೀಮೆಯಲ್ಲಿ ತಿನ್ನುವ ದ್ರಾಕ್ಷಿಯೇ ಕೊಳ್ಳುವವರಿಲ್ಲದೆ ತೋಟದಲ್ಲಿ ಉಳಿದದ್ದು ಎಲ್ಲರಿಗೂ ನೆನಪಿದೆ. ಆದ್ದರಿಂದ ಗುಂಡಿ ತೋಡುವ ಮೊದಲೇ ಲಿಖಿತ ಕರಾರು ಇರಬೇಕು. ಅದರಲ್ಲಿ ಈ ಅಂಶಗಳು ಸ್ಪಷ್ಟವಾಗಿರಲಿ:

1. ಎಷ್ಟು ವರ್ಷ, ಯಾವ ತಳಿ, ಎಷ್ಟು ಟನ್ ಹಣ್ಣನ್ನು ಕೊಳ್ಳುತ್ತಾರೆ?

2. ಕನಿಷ್ಠ ಬೆಲೆ ಎಷ್ಟು? ಬ್ರಿಕ್ಸ್ ಕಡಿಮೆಯಾದರೆ ಎಷ್ಟು ಕಡಿತ? ಪರೀಕ್ಷೆ ರೈತನ ಎದುರಿನಲ್ಲಿ ಆಗುತ್ತದೆಯೆ?

3. ಕೊಯ್ಲಿನ ದಿನವನ್ನು ಯಾರು ಗೊತ್ತುಮಾಡುತ್ತಾರೆ? ಅವರು ತಡಮಾಡಿ ತೂಕ ಇಳಿದರೆ ನಷ್ಟ ಯಾರದು?

4. ಹಣ ಎಷ್ಟು ದಿನಗಳಲ್ಲಿ ಕೈಸೇರುತ್ತದೆ?

5. ಆಲಿಕಲ್ಲು ಮಳೆ ಬಿದ್ದು ಹಣ್ಣು ಒಡೆದರೆ ಏನು ವ್ಯವಸ್ಥೆ?

ಬೆಲೆ ಸಾಕೇ ಎಂದು ತಿಳಿಯಲು ಸುಲಭ ಲೆಕ್ಕವೊಂದಿದೆ. ವರ್ಷದ ಬೇಸಾಯದ ಖರ್ಚು, ಸಾಲದ ಬಡ್ಡಿ, ಆರಂಭದ ಬಂಡವಾಳದ 15ನೆಯ ಒಂದು ಭಾಗ, ಮನೆಮಂದಿಯ ದುಡಿಮೆಯ ಕೂಲಿ ಇವನ್ನೆಲ್ಲ ಕೂಡಿಸಿ 3500 ಕಿಲೋಗ್ರಾಂನಿಂದ ಭಾಗಿಸಿ. ಬರುವ ಅಂಕಿ ನಿಮ್ಮ ಅಸಲು. ಕರಾರಿನ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ ಅಲ್ಲಿಗೇ ನಿಲ್ಲಿಸಿ.

ನಮ್ಮ ಸಲಹೆ

ಮಾಗಡಿಯ ಎತ್ತರದ ಕೆಂಪು ಭೂಮಿಯಲ್ಲಿ, ಬೇಸಿಗೆಯಲ್ಲಿಯೂ ನೀರಿರುವ ಬಾವಿ, ಸುತ್ತ ಹಿಪ್ಪುನೇರಳೆ ಇಲ್ಲದ ಹೊಲ, ಕೈಯಲ್ಲಿ ಕರಾರು ಇರುವವರು ಅರ್ಧ ಎಕರೆಯಲ್ಲಿ ಪ್ರಯೋಗ ಮಾಡಬಹುದು. ರಾಮನಗರ ಮತ್ತು ಚನ್ನಪಟ್ಟಣದವರು ಬಿಸಿಯನ್ನು ತಾಳುವ ಶಿರಾಜ್‌ನಂತಹ ತಳಿಯನ್ನು ಕೆಲವೇ ಸಾಲುಗಳಲ್ಲಿ ನೆಟ್ಟು ಎರಡು ಫಸಲು ನೋಡಿದ ನಂತರವೇ ಮುಂದುವರಿಯಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಂಗಳೂರು ನೀಲಿಯನ್ನು ಬ್ಲಾಕ್ ಚಂಪಾದೊಂದಿಗೆ ಸಂಕರಿಸಿ ಪಡೆದ ಅರ್ಕ ಶ್ಯಾಮ್ ತಳಿಯನ್ನೂ ಪರಿಗಣಿಸಬಹುದು. ಇದು ತಿನ್ನಲೂ ದ್ರಾಕ್ಷಾರಸಕ್ಕೂ ಸಲ್ಲುವುದರಿಂದ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ. ಕನಕಪುರದ ತಗ್ಗು ಭಾಗದವರಿಗೆ ಈ ಬೆಳೆಯನ್ನು ನಾವು ಸದ್ಯಕ್ಕೆ ಹೇಳುವುದಿಲ್ಲ. ಅವರ ರೇಷ್ಮೆ, ಮಾವು, ತೆಂಗುಗಳನ್ನು ಉತ್ತಮಪಡಿಸುವುದೇ ಲಾಭಕರ.

ಯಾರೇ ಆಗಲಿ, ಫಲ ಕೊಡುತ್ತಿರುವ ತೋಟವನ್ನು ಕಿತ್ತು ದ್ರಾಕ್ಷಿ ನೆಡಬೇಡಿ. ಖಾಲಿ ಇರುವ ಜಾಗದಲ್ಲಿ ಆರಂಭಿಸಿ. ಆಸಕ್ತರು ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಮಣ್ಣು ಮತ್ತು ನೀರಿನ ಪರೀಕ್ಷೆಯ ಬಗ್ಗೆ ಮೊದಲು ವಿಚಾರಿಸಲಿ. ಮುಂದಿನ ಅಕ್ಟೋಬರ್‌ನಲ್ಲಿ ನಾಲ್ಕಾರು ರೈತರು ಕೂಡಿ ನಂದಿಯ ತಪ್ಪಲಿಗೆ ಹೋಗಿ ಚಾಟನಿಯನ್ನು ನೋಡಿ, ಅಲ್ಲಿಯ ಬೆಳೆಗಾರರೊಂದಿಗೆ ಒಂದು ದಿನ ಕಳೆಯಿರಿ. ಲಾಭ ಬಂದ ವರ್ಷದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಷ್ಟವಾದ ವರ್ಷ ಯಾವುದು, ಆಗ ಹೇಗೆ ತಡೆದುಕೊಂಡಿರಿ ಎಂದು ಕೇಳಿ ತಿಳಿದು ಬನ್ನಿ.